ಬಡಿದು ನೋಡುವುದು

ವಾರ್ಡಿಗೆ ಕಾಲಿಟ್ಟರೆ ಸಾಕು, ಎಲ್ಲರೂ ನನ್ನನ್ನೇ ಕೇಳುತ್ತಾರೆ:
ರಿಪೋರ್ಟು ಬಂತೇ, ಮನೆಗೆ ಕಳಿಸುವುದೆಂದು,
ಈ ಗುಳಿಗೆ ಊಟಕ್ಕೆ ಮೊದಲೋ ಆಮೇಲೋ.
ನಲವತ್ತಮೂರರ ನರೆಗೂದಲಿಗೆ ಸಿಗುವ ಮರ್ಯಾದೆ ಇದು.
ನಿಜವಾದ ಡಾಕ್ಟರು ಪಕ್ಕದಲ್ಲೇ ಇದ್ದಾಳೆ: ಎಫುವಾ, ಇಪ್ಪತ್ತೇಳು,
ಮೂಗಿನಲ್ಲಿ ಚುಕ್ಕಿಯಷ್ಟು ಹರಳು. ನಗು ನುಂಗುತ್ತಾಳೆ.
'ನಾನು ವಿದ್ಯಾರ್ಥಿ' ಎಂದು ಕೊರಳಪಟ್ಟಿ ತೋರಿಸುತ್ತೇನೆ.
ಅಜ್ಜಿಯೊಬ್ಬಳು ಅಂದಳು: 'ಅಯ್ಯೋ ಪಾಪ, ಎಷ್ಟು ಸಲ ಫೇಲಾದೆ?'

ಸಂದರ್ಶನದಲ್ಲಿ ಕೇಳಿದ್ದರು, ಯಾಕೆ ಬಿಟ್ಟಿರಿ.
ಹದಿನೇಳು ವರ್ಷ, ಕೈತುಂಬ ಸಂಬಳ.
ದಿನಸಿ ಹೊತ್ತ ವ್ಯಾನುಗಳಿಗೆ
ಯಾವ ಬೀದಿ ಮೊದಲು ಯಾವುದು ನಂತರವೆಂದು
ಹೇಳಿಕೊಡುವ ಕೋಡು ಬರೆಯುತ್ತಿದ್ದೆ. ಕೆಟ್ಟ ಕೆಲಸವಲ್ಲ.
ಯಾರದೋ ಹಾಲು ಕೆಡದೆ ಮುಟ್ಟುತ್ತಿತ್ತು.
ಸೇವೆ, ಕರುಣೆ ಎಂದೇನೋ ಹೇಳಿ ಪಾಸಾದೆ.

ನಿಜ ಅಷ್ಟು ದೊಡ್ಡದಲ್ಲ.
ಶೆಫೀಲ್ಡಿನ ಟ್ರಾಮಿನಲ್ಲಿ ಒಂದು ಬೆಳಿಗ್ಗೆ
ಎದುರಿನ ಹೆಂಗಸು ಹಾಗೇ ವಾಲಿ ನನ್ನ ಮಡಿಲಿಗೆ ಬಿದ್ದಳು.
ಮಣಿಕಟ್ಟು ಹಿಡಿದೆ. ಬೆರಳು ಎಲ್ಲಿಡಬೇಕೋ ತಿಳಿಯದು.
ಅಲ್ಲಿಟ್ಟೆ, ಇಲ್ಲಿಟ್ಟೆ, ನನ್ನದೇ ನಾಡಿ ನನಗೆ ಸಿಕ್ಕಿತು.
ಶಾಲೆಯ ಬಟ್ಟೆಯ ಹುಡುಗನೊಬ್ಬ ಬಗ್ಗಿ, ಕತ್ತಿನ ಬದಿ ಮುಟ್ಟಿ,
'ಇದೆ' ಅಂದ.
ಆಕೆ ಎದ್ದಳು, ನೀರು ಕುಡಿದಳು, ತನ್ನ ಸ್ಟಾಪಿನಲ್ಲಿ ಇಳಿದೂ ಹೋದಳು.
ನಾನು ಇಳಿಯಲಿಲ್ಲ. ಕೊನೆಯ ನಿಲ್ದಾಣದವರೆಗೂ
ಬೆರಳುಗಳನ್ನೇ ನೋಡುತ್ತ ಕೂತಿದ್ದೆ,
ಬರೀ ಕೀಲಿ ಒತ್ತಿ ಗೊತ್ತಿದ್ದ ಹತ್ತು ಬೆರಳು.

ಆಮೇಲಿನದು ಬಿಡಿ: ಸಾಲ, ಮಾರಿದ ಕಾರು,
ನೀಲಾಂಬಿಕೆಯ ಒಂದೇ ಸಂಬಳ, ಅವಳ ಮೂರು ವಾರದ ಮೌನ,
ಕೊನೆಗೆ 'ಆಯ್ತು, ಓದು' ಎಂಬ ಎರಡು ಮಾತು.

ಇಂದು ಹನ್ನೊಂದನೆಯ ಮಂಚ. ಕೆನ್ ಸ್ಟ್ಯಾನಿಫೋರ್ತ್, ಎಂಬತ್ತೊಂದು,
ಚಾಕು ಕತ್ತರಿ ಸಾಣೆ ಹಿಡಿದು ಬದುಕಿದವ.
'ಬಾ, ಲವ್' ಅಂದ. ಈ ಊರಲ್ಲಿ ಗಂಡಸರೂ ಗಂಡಸರನ್ನು ಹೀಗೇ ಕರೆಯುವುದು;
ಮೊದಮೊದಲು ನನ್ನ ಕಿವಿ ಕೆಂಪಾಗುತ್ತಿತ್ತು.
ಅಂಗಿ ಎತ್ತಿದ. ಬೆನ್ನಿಗೆ ಎಡಗೈಯ ನಡುಬೆರಳೊತ್ತಿ
ಅದರ ಮೇಲೆ ಬಲಗೈಯದರಿಂದ ಬಡಿದೆ:
ಟೊಕ್ಕು, ಟೊಕ್ಕು. ಏನೂ ತಿಳಿಯಲಿಲ್ಲ.
ಗಾಳಿಯಿದ್ದರೆ ಮೊಳಗು, ನೀರಿದ್ದರೆ ಕಲ್ಲು, ಎನ್ನುತ್ತದೆ ಪುಸ್ತಕ.
'ಹಾಗಲ್ಲ' ಅಂದ ಕೆನ್, ತಿರುಗಿಯೂ ನೋಡದೆ.
'ನೀನು ಬಾಗಿಲು ತಟ್ಟುತ್ತಿದ್ದೀಯ, ಯಾರೋ ತೆರೀತಾರೆ ಅಂತ.
ಹೊಡೆದು ಬಿಟ್ಟುಬಿಡು. ಸದ್ದು ತಾನೇ ಬರಲಿ.'

ದಿನಾ ಬೆಳಿಗ್ಗೆ, ಸಾಣೆಕಲ್ಲನ್ನು ಯಂತ್ರಕ್ಕೇರಿಸುವ ಮುಂಚೆ
ಮರದ ಕೊಡತಿಯಿಂದ ಬಡಿದು ಕೇಳುತ್ತಿದ್ದರಂತೆ.
ಗಟ್ಟಿಯಿದ್ದರೆ ಠಣ್. ಬಿರುಕಿದ್ದರೆ ದಪ್.
ಒಮ್ಮೆ ಒಬ್ಬ ಅವಸರದಲ್ಲಿ ಬಡಿಯಲಿಲ್ಲ.
'ಆರ್ಥರ್' ಅಂದ. ಅಷ್ಟೇ ಅಂದ.

ಗದಗಿನ ಸಂತೆಯಲ್ಲಿ ಅವ್ವ
ಹತ್ತು ಗಡಿಗೆ ಬಡಿದು ಒಂದು ಕೊಳ್ಳುವವಳು.
ಕುಂಬಾರನಿಗೆ ಸಿಟ್ಟು. ನನಗೆ ನಾಚಿಕೆ,
ಸೆರಗು ಎಳೆಯುತ್ತಿದ್ದೆ, ಸಾಕು ಬಾ, ಎಲ್ಲಾ ಒಂದೇ.

ಮತ್ತೆ ಬಡಿದೆ. ಮೇಲೆ ಮೊಳಗು, ಇನ್ನೂ ಮೊಳಗು,
ಪಕ್ಕೆಲುಬು ಇಳಿದಿಳಿದಂತೆ
ಕಲ್ಲು.
'ಇಲ್ಲಿ' ಅಂದೆ, ಬಾಯಿ ಒಣಗಿ.
ಎಫುವಾ ಸ್ಕ್ಯಾನು ಹಿಡಿದು ನೋಡಿದಳು. 'ಒಂದು ಬೆರಳು ಮೇಲೆ.'

ಸೂಜಿ ಹೋಯಿತು. ಸೀಸೆಗೆ ಇಳಿದ ನೀರು
ಹೋಳಿಗೆಯ ಬೇಳೆ ಬಸಿದ ಕಟ್ಟಿನ ಬಣ್ಣ.
ಒಂದೂವರೆ ಲೀಟರು. ಹಿಡಿದು ಕೂತೆ. ಬೆಚ್ಚಗಿತ್ತು.
ಅದರಲ್ಲಿ ಏನಿದೆಯೆಂದು ಲ್ಯಾಬು ಸೋಮವಾರ ಹೇಳುತ್ತದೆ;
ಮೂವರಿಗೂ ಗೊತ್ತಿತ್ತು, ಯಾರೂ ಆಡಲಿಲ್ಲ.

ಹೊರಟವನನ್ನು ಕೆನ್ ಸನ್ನೆಯಲ್ಲಿ ಕರೆದ. ಬಗ್ಗಿದೆ.
ನನ್ನ ಎದೆಗೆ, ಗುಂಡಿಯ ಪಕ್ಕಕ್ಕೆ,
ಬೆರಳ ಗಣ್ಣಿಂದ ಒಂದೇ ಪೆಟ್ಟು.
ಕಿವಿಗೊಟ್ಟು ಕಾದ.
'ಏರಿಸಬಹುದು' ಅಂದ.